ಪಂಕ್ತಿಯಿಂದ ಎಬ್ಬಿಸಿದ ದೇಶಗಳು

2023ರ ಸೆಪ್ಟೆಂಬರ್ 18ರ ಸಂಜೆ ನಮ್ಮ ಹಾಸನ ಜಿಲ್ಲೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಸುದ್ದಿ. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಜೊತೆಗೆ ಸೋಮನಾಥಪುರದ ಕೇಶವ ದೇವಾಲಯ, ಮೂರೂ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಶಿಲಾಬಾಲಿಕೆಯರ ಫೋಟೋ ಹಾಕದವರೇ ಇರಲಿಲ್ಲ. ನಾನೂ ಹಾಕಿದೆ, ಖುಷಿಪಟ್ಟೆ.

ಆ ತೀರ್ಮಾನ ಎಲ್ಲಿ ಆಯಿತು ಅನ್ನೋದನ್ನ ಮಾತ್ರ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಆಗಿದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಅದು ವಿಶ್ವ ಪರಂಪರೆ ಸಮಿತಿಯ 45ನೇ ಅಧಿವೇಶನ. ಆ ಅಧಿವೇಶನ ಮೊದಲು ನಿಗದಿಯಾಗಿದ್ದು ರಷ್ಯಾದ ಕಜಾನ್ ನಗರದಲ್ಲಿ, 2022ರ ಜೂನ್‌ನಲ್ಲಿ. ಅಷ್ಟರಲ್ಲಿ, ಫೆಬ್ರವರಿಯಲ್ಲಿ, ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಅವರ ಮನೆ ಬಾಗಿಲಿಗೆ ನಾವು ಬರಲ್ಲ ಅಂತ ಹಲವು ದೇಶಗಳು ಹಟ ಹಿಡಿದವು. ಸಭೆ ನಿಂತಿತು. ಅಧ್ಯಕ್ಷತೆ ರಷ್ಯಾದ ಕೈತಪ್ಪಿ ಸೌದಿಗೆ ಹೋಯಿತು. ಕೊನೆಗೆ ಎರಡು ವರ್ಷದ ಅರ್ಜಿಗಳನ್ನು ಒಟ್ಟಿಗೆ ಇಟ್ಟುಕೊಂಡು ರಿಯಾದ್‌ನಲ್ಲಿ ಸಭೆ ಸೇರಿದರು.

ಇದೇ ಸೌದಿಯ ಬಗ್ಗೆ ನಾಲ್ಕು ವರ್ಷ ಮೊದಲು ಏನು ಮಾತು ಕೇಳಿಬಂದಿತ್ತು? 2018ರ ಅಕ್ಟೋಬರ್‌ನಲ್ಲಿ ಪತ್ರಕರ್ತ ಜಮಾಲ್ ಖಶೋಗ್ಗಿಯನ್ನು ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್ ಒಳಗೇ ಕೊಂದರು. ಮಾರನೇ ವರ್ಷ ಅಮೆರಿಕದ ಚುನಾವಣಾ ಚರ್ಚೆಯಲ್ಲಿ ಜೋ ಬೈಡನ್ ಆ ದೇಶವನ್ನು ಬಹಿಷ್ಕೃತರ ಸಾಲಿಗೆ ಸೇರಿಸುತ್ತೇವೆ ಎಂದಿದ್ದರು. 2022ರ ಜುಲೈನಲ್ಲಿ ಅದೇ ಬೈಡನ್, ಅಧ್ಯಕ್ಷರಾಗಿ, ಜೆಡ್ಡಾದಲ್ಲಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಮುಷ್ಟಿಗೆ ಮುಷ್ಟಿ ತಾಗಿಸಿ ನಮಸ್ಕಾರ ಹೇಳಿದರು. ಯುದ್ಧದಿಂದ ತೈಲದ ಬೆಲೆ ಏರಿತ್ತು.

ಒಂದು ದೇಶವನ್ನು ಪಂಕ್ತಿಯಿಂದ ಎಬ್ಬಿಸಿ, ಇನ್ನೊಂದನ್ನು ಕರೆದು ಎಲೆ ಹಾಕಿ ಕೂರಿಸಿದರು. ನಮ್ಮ ಬೇಲೂರಿಗೆ ಪಟ್ಟ ಸಿಕ್ಕಿದ್ದು ಆ ಎರಡರ ನಡುವೆ. ಇದು ನನ್ನ ತಲೆಯಲ್ಲಿ ತುಂಬಾ ದಿನ ಕೊರೆಯಿತು. ದೇಶವನ್ನು ಮನುಷ್ಯನ ಹಾಗೆ ನೋಡಿ, ಮರ್ಯಾದೆ ಕೊಟ್ಟು, ಮರ್ಯಾದೆ ಕಿತ್ತುಕೊಂಡು, ಊರಾಚೆ ನಿಲ್ಲಿಸುವ ಈ ಪದ್ಧತಿ ಹೇಗೆ ನಡೆಯುತ್ತದೆ? ಯಾರು ತೀರ್ಮಾನ ಮಾಡುತ್ತಾರೆ? ಒಮ್ಮೆ ಹೊರಗೆ ಹೋದವರು ವಾಪಸ್ ಬರೋದು ಹೇಗೆ?

ನಾನು ಬಹಿಷ್ಕಾರವನ್ನು ಮೊದಲು ಕಂಡಿದ್ದು ಪೇಪರಿನಲ್ಲಲ್ಲ. ನನ್ನ ತಾಯಿಯ ತವರು ಅರಸೀಕೆರೆ ಕಡೆ, ತೆಂಗಿನ ಸೀಮೆ. ನನಗಾಗ ಹತ್ತು ವರ್ಷ ಇರಬೇಕು. ಬೇಸಿಗೆ ರಜೆಗೆ ಹೋದಾಗ, ಅಜ್ಜಿ ಮನೆಯಿಂದ ನಾಲ್ಕನೇ ಮನೆಗೆ ಹೋಗಬೇಡ ಅಂದರು. ಆ ಮನೆಯ ದೊಡ್ಡ ಮಗ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಿ ಕರೆದುಕೊಂಡು ಬಂದಿದ್ದ. ಊರ ಕಟ್ಟೆ ಮೇಲೆ ನ್ಯಾಯ ಸೇರಿತು. ಆ ಮನೆಗೆ ಬೆಂಕಿ ಇಲ್ಲ, ನೀರಿಲ್ಲ ಅಂತ ಆಯಿತು. ಅಂಗಡಿಯವನು ಸಾಮಾನು ಕೊಡುವ ಹಾಗಿಲ್ಲ, ಕ್ಷೌರದವನು ಹೋಗುವ ಹಾಗಿಲ್ಲ. ಹಬ್ಬದ ವರಾಡ, ಅಂದರೆ ವಂತಿಗೆ, ಅವರಿಂದ ಎತ್ತುವ ಹಾಗಿಲ್ಲ. ಮಾತಾಡಿಸಿದವರಿಗೂ ದಂಡ. ಆ ಮನೆಯ ಯಜಮಾನರು ಬೆಳಗ್ಗೆ ಹಾಲಿನ ಕ್ಯಾನ್ ಹಿಡಿದು ಡೈರಿಗೆ ಬರುತ್ತಿದ್ದರು. ಸಾಲಿನಲ್ಲಿ ಅವರ ಹಿಂದೆ ಮುಂದೆ ಎರಡೆರಡು ಮಾರು ಜಾಗ ಖಾಲಿ ಇರುತ್ತಿತ್ತು. ಆ ಖಾಲಿ ಜಾಗ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈ ಮನೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು, ದೇಶ ಅನ್ನೋದು ‘ವ್ಯಕ್ತಿ’ ಆಗೋದು ಹೇಗೆ ಅಂತ ನೋಡೋಣ.

1933ರ ಡಿಸೆಂಬರ್‌ನಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಅಮೆರಿಕ ಖಂಡದ ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಅದರ ಮೊದಲ ಕಲಮಿನಲ್ಲೇ ದೇಶವನ್ನು ಅಂತರರಾಷ್ಟ್ರೀಯ ಕಾನೂನಿನ ‘ವ್ಯಕ್ತಿ’ ಎಂದು ಕರೆದಿದ್ದಾರೆ. ಆ ವ್ಯಕ್ತಿಗೆ ನಾಲ್ಕು ಇರಬೇಕು: ಕಾಯಂ ಆಗಿ ವಾಸ ಮಾಡುವ ಜನ, ಗೊತ್ತುಪಡಿಸಿದ ನೆಲ, ಒಂದು ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹಾರ ಮಾಡುವ ಶಕ್ತಿ. ಬೇರೆಯವರು ಒಪ್ಪಲಿ ಬಿಡಲಿ, ಇವಿಷ್ಟಿದ್ದರೆ ದೇಶ ಇದೆ ಅಂತಲೇ ಅರ್ಥ ಅಂತ ಮೂರನೇ ಕಲಮು ಹೇಳುತ್ತದೆ. ವ್ಯಕ್ತಿ ಅಂದ ಮೇಲೆ ಸಾಲ ತೆಗೆಯಬಹುದು, ಕರಾರು ಮಾಡಬಹುದು, ಕೋರ್ಟಿಗೆ ಹೋಗಬಹುದು. ಸರ್ಕಾರ ಬದಲಾದರೂ ವ್ಯಕ್ತಿ ಅದೇ. ಅಪ್ಪ ಮಾಡಿದ ಸಾಲ ಮಗನ ತಲೆ ಮೇಲೆ ಉಳಿಯುವ ಹಾಗೆ.

ಕಾಗದದ ಮೇಲೆ ಇದು ಸಲೀಸು. ನೆಲದ ಮೇಲೆ ಬೇರೆ ಕಥೆ. ಸೋಮಾಲಿಲ್ಯಾಂಡ್ ನೋಡಿ. 1991ರಲ್ಲಿ ಸೋಮಾಲಿಯಾದಿಂದ ಬೇರೆ ಆದೆವು ಅಂತ ಘೋಷಿಸಿಕೊಂಡಿತು. ಜನ ಇದ್ದಾರೆ, ನೆಲ ಇದೆ, ಸ್ವಂತ ನೋಟು ಇದೆ, ಚುನಾವಣೆ ಆಗುತ್ತದೆ, ಸೋತವರು ಕುರ್ಚಿ ಬಿಟ್ಟಿದ್ದೂ ಇದೆ. ಆದರೂ ಮೂವತ್ತು ವರ್ಷ ಕಳೆದರೂ ವಿಶ್ವಸಂಸ್ಥೆಯ ಒಂದೇ ಒಂದು ಸದಸ್ಯ ದೇಶ ಅದನ್ನು ದೇಶ ಅನ್ನಲಿಲ್ಲ. ಮೊದಲು ಅಂದಿದ್ದು ಇಸ್ರೇಲ್, ಅದೂ 2025ರ ಡಿಸೆಂಬರ್‌ನಲ್ಲಿ. ಅದೇ 1991ರಲ್ಲಿ ಸೋಮಾಲಿಯಾದ ಸರ್ಕಾರ ಕುಸಿದು ಬಿತ್ತು. ವರ್ಷಗಟ್ಟಲೆ ಅದರ ರಾಜಧಾನಿ ಮೊಗದಿಶುವಿನಲ್ಲಿ ಸರ್ಕಾರ ಅನ್ನುವಂಥದ್ದೇ ಇರಲಿಲ್ಲ. ಆದರೆ ವಿಶ್ವಸಂಸ್ಥೆಯ ಸದಸ್ಯತ್ವ ಮಾತ್ರ ಹೋಗಲಿಲ್ಲ. ಒಂದು ಮನೆಯಲ್ಲಿ ದೀಪ ಉರಿಯುತ್ತಿದೆ, ಮನೆ ನಂಬರ್ ಇಲ್ಲ. ಇನ್ನೊಂದಕ್ಕೆ ನಂಬರ್ ಇದೆ, ಚಾವಣಿ ಇಲ್ಲ.

ತೈವಾನ್ ಇನ್ನೂ ವಿಚಿತ್ರ. ಎರಡು ಕೋಟಿಗಿಂತ ಜಾಸ್ತಿ ಜನ. ನಮ್ಮ ಮೊಬೈಲ್, ಕಾರುಗಳೊಳಗಿನ ಚಿಪ್ಪುಗಳಿಗೆ ಇಡೀ ಜಗತ್ತು ಅದರ ಮುಖ ನೋಡುತ್ತದೆ. ದೇವನಹಳ್ಳಿಯಲ್ಲಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕೂಡ ತೈವಾನಿನದೇ. ನಮ್ಮ ಕಡೆಯ ಹುಡುಗರು ಹುಡುಗಿಯರು ಕೆಲಸ ಅಂತ ಆ ಕಡೆ ಬಸ್ ಹತ್ತುತ್ತಾರೆ. ಆದರೆ 1971ರ ಅಕ್ಟೋಬರ್ 25ರಂದು ವಿಶ್ವಸಂಸ್ಥೆ ಚೀನಾದ ಕುರ್ಚಿಯನ್ನು ಬೀಜಿಂಗ್‌ಗೆ ಕೊಟ್ಟಿತು, ತೈಪೆ ಎದ್ದು ಹೊರಗೆ ಬಂತು. ಒಲಿಂಪಿಕ್ಸ್‌ನಲ್ಲಿ ಅದು ತನ್ನ ಹೆಸರು, ತನ್ನ ಬಾವುಟ ಬಳಸುವ ಹಾಗಿಲ್ಲ. ದೆಹಲಿಯಲ್ಲಿ ಅದಕ್ಕೆ ರಾಯಭಾರ ಕಚೇರಿ ಇಲ್ಲ. ‘ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ’ ಅಂತ ಇದೆ, ವೀಸಾವನ್ನೂ ಅಲ್ಲೇ ಕೊಡುತ್ತಾರೆ. ವ್ಯವಹಾರ ಎಲ್ಲಾ ಉಂಟು, ಹೆಸರು ಹಿಡಿದು ಕರೆಯುವ ಹಾಗಿಲ್ಲ.

ಅಂದರೆ ವ್ಯಕ್ತಿ ಅನ್ನಿಸಿಕೊಳ್ಳೋದು ಕಾನೂನಿಗಿಂತ ಜಾಸ್ತಿ ಮರ್ಯಾದೆಯ ವಿಷಯ. ಯಾರು ಎದ್ದು ನಿಂತು ಬರಮಾಡಿಕೊಂಡರು, ಎಲ್ಲಿ ಕೂರಿಸಿದರು, ಯಾರ ಬಾವುಟ ಹಾರಿತು, ಯಾರು ಕೈಕುಲುಕಿದರು.

ನಮ್ಮಲ್ಲಿ ಮದುವೆ ಮನೆಯಲ್ಲಿ ಮೊದಲ ವೀಳ್ಯ ಯಾರಿಗೆ ಅಂತ ಜಗಳ ಆಗಿ, ಊಟ ಬಿಟ್ಟು ಎದ್ದು ಹೋದ ನೆಂಟರನ್ನು ಯಾರು ನೋಡಿಲ್ಲ? ಜಾತ್ರೆಯಲ್ಲಿ ದೇವರ ಮರ್ಯಾದೆ ಯಾವ ಮನೆತನಕ್ಕೆ ಮೊದಲು ಅಂತ ಕೋರ್ಟಿಗೆ ಹೋದವರಿದ್ದಾರೆ. ಯುರೋಪಿನ ರಾಜರೂ ಹೀಗೇ ಇದ್ದರು. 1661ರಲ್ಲಿ ಲಂಡನ್ನಿಗೆ ಸ್ವೀಡನ್ನಿನ ರಾಯಭಾರಿ ಬಂದಿಳಿದರು. ಅವರ ಗಾಡಿಯ ಹಿಂದೆ ಮೊದಲು ಯಾರ ಗಾಡಿ ಹೋಗಬೇಕು ಅಂತ ಸ್ಪೇನ್ ಮತ್ತು ಫ್ರಾನ್ಸಿನ ರಾಯಭಾರಿಗಳ ಕಡೆಯವರು ಬೀದಿಯಲ್ಲೇ ಕತ್ತಿ ಹಿರಿದರು. ಗಾಡಿಗೆ ಕುದುರೆ ಕಟ್ಟಿದ ಚರ್ಮದ ಪಟ್ಟಿಯನ್ನು ಫ್ರೆಂಚರು ಕತ್ತರಿಸಬಾರದು ಅಂತ ಸ್ಪೇನಿನವರು ಕುದುರೆಗಳಿಗೆ ಸರಪಳಿ ಕಟ್ಟಿಸಿಕೊಂಡೇ ಬಂದಿದ್ದರು. ಹೆಣಗಳು ಬಿದ್ದವು. 1815ರಲ್ಲಿ ವಿಯೆನ್ನಾದಲ್ಲಿ ಸೇರಿದಾಗ ಇದಕ್ಕೊಂದು ಪರಿಹಾರ ಕಂಡುಕೊಂಡರು: ದೇಶ ದೊಡ್ಡದೋ ಚಿಕ್ಕದೋ ನೋಡಬೇಡಿ, ಒಂದೇ ದರ್ಜೆಯ ರಾಯಭಾರಿಗಳಲ್ಲಿ ಯಾರು ಮೊದಲು ಬಂದು ವರದಿ ಮಾಡಿಕೊಂಡರೋ ಅವರೇ ಹಿರಿಯರು. ಇವತ್ತಿಗೂ ಅದೇ ನಡೆಯುತ್ತಿದೆ. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮೊದಲ ಕುರ್ಚಿ ಯಾವ ದೇಶಕ್ಕೆ ಅಂತ ಪ್ರತಿ ವರ್ಷ ಚೀಟಿ ಎತ್ತುತ್ತಾರೆ. ಅಲ್ಲಿಂದ ಮುಂದೆ ಇಂಗ್ಲಿಷ್ ಅಕ್ಷರಗಳ ಸಾಲಿನಂತೆ ಕೂರಬೇಕು. ಇಂಥ ಸಣ್ಣ ನಿಯಮಗಳ ಬಗ್ಗೆ ನನಗೆ ನಿಜವಾಗಿ ಗೌರವ ಇದೆ. ಪುಟ್ಟ ನೌರು ದೇಶಕ್ಕೂ ದೊಡ್ಡ ಅಮೆರಿಕಕ್ಕೂ ಒಂದೇ ಅಳತೆಯ ಕುರ್ಚಿ ಸಿಗೋದು ಸುಮ್ನೆ ಆದದ್ದಲ್ಲ. ಅದಕ್ಕೆ ಜನ ಜೀವ ಕೊಟ್ಟಿದ್ದಾರೆ.

ಮರ್ಯಾದೆ ಹೇಗೆ ಅಧಿಕಾರದ ಜಾಗಕ್ಕೆ ಬಂದು ಕೂರುತ್ತದೆ ಅಂತ ತಿಳಿಯಲು ನಾವು ದೂರ ಹೋಗಬೇಕಿಲ್ಲ. ಸಕಲೇಶಪುರದಿಂದ ಮಂಗಳೂರು ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಗುಡ್ಡದ ಮೇಲೆ ಮಂಜ್ರಾಬಾದ್ ಕೋಟೆ. ಟಿಪ್ಪು 1792ರ ಹೊತ್ತಿಗೆ ಕಟ್ಟಿಸಿದ್ದು. ಮೇಲಿನಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ, ಫ್ರೆಂಚರ ಕೋಟೆಗಳ ಮಾದರಿ. ಆ ಮಾದರಿ ಇಲ್ಲಿಗೆ ಬಂದಿದ್ದು ಮೈಸೂರು ಒಂದು ‘ವ್ಯಕ್ತಿ’ ಆಗಿದ್ದ ಕಾಲದಲ್ಲಿ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳನ್ನು 16ನೇ ಲೂಯಿ ವರ್ಸೈ ಅರಮನೆಯಲ್ಲಿ ಬರಮಾಡಿಕೊಂಡಿದ್ದ. ಅದಕ್ಕೂ ಮೊದಲು ತುರ್ಕಿಯ ಸುಲ್ತಾನನ ಕಡೆಗೂ ದೂತರು ಹೊರಟಿದ್ದರು. 1799ರಲ್ಲಿ ಟಿಪ್ಪು ಬಿದ್ದ. ಆಮೇಲೆ ಮೈಸೂರಿಗೆ ಮಹಾರಾಜರು ಬಂದರು, 21 ತೋಪಿನ ಮರ್ಯಾದೆಯೂ ಬಂತು. ಬ್ರಿಟಿಷ್ ಇಂಡಿಯಾದಲ್ಲಿ ಸಂಸ್ಥಾನಗಳಿಗೆ ಸಿಗುತ್ತಿದ್ದ ಅತಿ ದೊಡ್ಡ ಗೌರವ ಅದು. ಆದರೆ ಹೊರದೇಶಕ್ಕೆ ಸ್ವಂತವಾಗಿ ಒಂದು ರಾಯಭಾರ ಕಳಿಸುವ ಹಕ್ಕಿರಲಿಲ್ಲ. ತೋಪುಗಳು ಜಾಸ್ತಿಯಾದವು, ವ್ಯಕ್ತಿ ಮಾಯವಾದ. ಕೋಟೆಯ ಮೇಲೆ ನಿಂತು ಮಂಜು ಸರಿಯೋದನ್ನ ನೋಡುವಾಗೆಲ್ಲ ನನಗೆ ಇದೇ ನೆನಪಾಗುತ್ತದೆ.

ಆ ಕಾಲದಲ್ಲಿ ಮರ್ಯಾದೆ ತಪ್ಪಿದರೆ ಏನಾಗುತ್ತಿತ್ತು ಅನ್ನೋದಕ್ಕೆ ಬರೋಡಾದ ಸಯಾಜಿರಾವ್ ಗಾಯಕವಾಡರ ಪ್ರಸಂಗವೇ ಸಾಕು. 1911ರ ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ಮುಂದೆ ಅವರು ಒಂದೇ ಸಲ ತಲೆಬಾಗಿ, ಬೆನ್ನು ತಿರುಗಿಸಿ ನಡೆದುಬಿಟ್ಟರು. ದೊಡ್ಡ ಗುಲ್ಲೆದ್ದಿತು, ಕೊನೆಗೆ ಕ್ಷಮೆ ಕೇಳುವ ಹಾಗಾಯಿತು. ಒಂದು ಬೆನ್ನು ತಿರುಗಿದ್ದಕ್ಕೆ ಒಂದು ಸಾಮ್ರಾಜ್ಯ ಅಷ್ಟು ನಡುಗಿತು. 2025ರ ಸೆಪ್ಟೆಂಬರ್‌ನಲ್ಲಿ ದುಬೈಯಲ್ಲಿ ಏಷ್ಯಾ ಕಪ್ ಪಂದ್ಯ ಮುಗಿದ ಮೇಲೆ ನಮ್ಮ ಆಟಗಾರರು ಪಾಕಿಸ್ತಾನದವರ ಕೈಕುಲುಕಲಿಲ್ಲ. ಪಹಲ್ಗಾಮ್‌ನಲ್ಲಿ 26 ಜನರ ಜೀವ ತೆಗೆದ ನೋವು ಹಸಿಯಾಗಿತ್ತು. ಆಟಕ್ಕಿಂತ ಆ ಕೈಯ ಬಗ್ಗೆಯೇ ಜಾಸ್ತಿ ಚರ್ಚೆ ಆಯಿತು. ದೇಶಕ್ಕೆ ಮೈ ಇಲ್ಲ, ಕೈ ಇಲ್ಲ. ಹಾಗಾಗಿ ಯಾರದೋ ಕೈ ಅದರ ಕೈ ಆಗಬೇಕಾಗುತ್ತದೆ.

ರಾಜತಾಂತ್ರಿಕರ ಲೋಕದಲ್ಲಿ ಇದಕ್ಕೆ ಬರೆದಿಟ್ಟ ನಿಯಮವೇ ಇದೆ. 1961ರ ವಿಯೆನ್ನಾ ಒಪ್ಪಂದದ 9ನೇ ಕಲಮಿನ ಪ್ರಕಾರ ಯಾವುದೇ ದೇಶ, ಯಾವುದೇ ಕಾರಣ ಹೇಳದೆ, ಇನ್ನೊಂದು ದೇಶದ ರಾಜತಾಂತ್ರಿಕರನ್ನು ‘ಬೇಡವಾದ ವ್ಯಕ್ತಿ’ ಅಂತ ಘೋಷಿಸಿ ವಾಪಸ್ ಕಳಿಸಬಹುದು. ಪಹಲ್ಗಾಮ್ ಆದ ಮಾರನೇ ದಿನ ಭಾರತ ದೆಹಲಿಯ ಪಾಕ್ ಹೈಕಮಿಷನ್ನಿನ ಸೇನಾ ಸಲಹೆಗಾರರಿಗೆ ಹೇಳಿದ್ದು ಇದನ್ನೇ.

ಇನ್ನು ಹೊರಗೆ ಹಾಕೋದರ ವಿಷಯ. ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಬಹಿಷ್ಕೃತ ದೇಶಗಳಿಗೆ ಇಂಗ್ಲಿಷ್‌ನವರು ಬಳಸುವ ಪದ ‘ಪರಾಯ’ (pariah). ನಾವು ಟಿವಿಯಲ್ಲಿ ದಿನಾ ಕೇಳುತ್ತೇವೆ. ಆ ಪದ ಹುಟ್ಟಿದ್ದು ಯುರೋಪಿನಲ್ಲಲ್ಲ, ನಮ್ಮ ಪಕ್ಕದ ತಮಿಳುನಾಡಿನಲ್ಲಿ. ಪರೈ ಎಂಬ ವಾದ್ಯ ಬಾರಿಸುತ್ತಿದ್ದ ಪರೈಯರ್ ಸಮುದಾಯದ ಹೆಸರು ಅದು. ಯುರೋಪಿನ ವರ್ತಕರು, ಪಾದ್ರಿಗಳು ಅದನ್ನು ಇಲ್ಲಿಂದ ಹೊತ್ತುಕೊಂಡು ಹೋಗಿ, ಎಲ್ಲರೂ ದೂರ ಇಟ್ಟವನು ಅಂತ ಅರ್ಥ ಕೊಟ್ಟರು. ಪತ್ರಕರ್ತನನ್ನು ಕೊಲ್ಲಿಸಿದ ಸರ್ಕಾರಕ್ಕೂ, ಪಕ್ಕದ ದೇಶದ ಮೇಲೆ ಬಾಂಬು ಹಾಕಿದ ಸರ್ಕಾರಕ್ಕೂ, ಯಾವ ತಪ್ಪನ್ನೂ ಮಾಡದೆ ಶತಮಾನಗಟ್ಟಲೆ ಊರಾಚೆ ಬದುಕಿದ ಜನರ ಹೆಸರು. ನನಗೆ ಇದು ಸಹಿಸಲಾಗದ ಅನ್ಯಾಯ ಅನ್ನಿಸುತ್ತದೆ. ಕನ್ನಡದಲ್ಲಿ ಬರೆಯುವ ನಾವು ಆ ಪದವನ್ನು ಬಿಟ್ಟೇ ಬಿಡಬೇಕು. ಬಹಿಷ್ಕೃತ, ಹೊರಗಿಟ್ಟ, ಪಂಕ್ತಿಯಿಂದ ಎಬ್ಬಿಸಿದ, ನಮ್ಮಲ್ಲಿ ಪದಗಳಿಗೆ ಬರವೇ?

ಇದು ಬರೀ ಪದದ ಪ್ರಶ್ನೆ ಅಲ್ಲ. ಊರಾಚೆ ಇಡೋದರಲ್ಲಿ ಎರಡು ಬಗೆ. ಹುಟ್ಟಿನ ಕಾರಣಕ್ಕೆ ಇಡೋದು ಒಂದು, ನಡತೆಯ ಕಾರಣಕ್ಕೆ ಇಡೋದು ಇನ್ನೊಂದು. 19ನೇ ಶತಮಾನದ ದೇಶಗಳ ಸಮಾಜ ನಡೆದಿದ್ದು ಮೊದಲನೆಯ ಬಗೆಯಲ್ಲಿ. ‘ನಾಗರಿಕ’ ದೇಶಗಳು ಒಳಗೆ, ಉಳಿದವರು ಹೊರಗೆ. ಜಪಾನ್ 1858ರಲ್ಲಿ ಸಹಿ ಹಾಕಿದ ಒಪ್ಪಂದಗಳ ಪ್ರಕಾರ, ಅದರ ನೆಲದಲ್ಲೇ ತಪ್ಪು ಮಾಡಿದ ಪಶ್ಚಿಮದವರನ್ನು ಅದರ ಕೋರ್ಟು ವಿಚಾರಿಸುವ ಹಾಗಿರಲಿಲ್ಲ. ಕಾನೂನು, ಸೇನೆ, ಉಡುಪು, ಊಟದ ಮೇಜಿನ ರೀತಿ ಎಲ್ಲವನ್ನೂ ಬದಲಾಯಿಸಿಕೊಂಡ ಮೇಲೆ, 1899ರಲ್ಲಿ ಆ ಕಟ್ಟಳೆ ಹೋಯಿತು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಕಟ್ಟಳೆಯ 38ನೇ ಕಲಮಿನಲ್ಲಿ ‘ನಾಗರಿಕ ರಾಷ್ಟ್ರಗಳು’ ಎಂಬ ಮಾತು ಇವತ್ತಿಗೂ ಅಚ್ಚಾಗಿ ಕೂತಿದೆ.

ನಡತೆಯ ಕಾರಣಕ್ಕೆ ಹೊರಗಿಟ್ಟು, ಅದು ಫಲ ಕೊಟ್ಟಿದ್ದಕ್ಕೆ ಒಂದು ಒಳ್ಳೆಯ ಉದಾಹರಣೆ ದಕ್ಷಿಣ ಆಫ್ರಿಕಾ. ಅದರಲ್ಲಿ ನಮ್ಮ ಪಾಲು ದೊಡ್ಡದು ಅನ್ನೋದು ಹೆಮ್ಮೆಯ ವಿಷಯ. 1946ರಲ್ಲಿ, ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ, ಭಾರತ ಆ ದೇಶದ ಜೊತೆ ವ್ಯಾಪಾರ ನಿಲ್ಲಿಸಿತು. ಅಲ್ಲಿನ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವನ್ನು ಅದೇ ವರ್ಷ ವಿಶ್ವಸಂಸ್ಥೆಯ ಮುಂದೆ ಇಟ್ಟಿತು. ನಮ್ಮ ಪಾಸ್‌ಪೋರ್ಟಿನಲ್ಲೇ ಆ ದೇಶಕ್ಕೆ ಹೋಗುವಂತಿಲ್ಲ ಅಂತ ಬರೆದಿರುತ್ತಿತ್ತು. 1970ರಲ್ಲಿ ಕ್ರಿಕೆಟ್ ಜಗತ್ತು ಅವರನ್ನು ಬಿಟ್ಟಿತು, ಒಲಿಂಪಿಕ್ ಸಮಿತಿಯೂ ಹೊರಗೆ ಹಾಕಿತು. 1974ರಲ್ಲಿ ಭಾರತ ಡೇವಿಸ್ ಕಪ್ ಟೆನಿಸ್‌ನ ಫೈನಲ್ ತಲುಪಿತ್ತು. ಎದುರಾಳಿ ದಕ್ಷಿಣ ಆಫ್ರಿಕಾ. ನಾವು ಆಡಲಿಲ್ಲ, ಕಪ್ ಅವರಿಗೆ ಹೋಯಿತು. ಆ ಕಪ್ ನಮಗೆ ಇವತ್ತಿಗೂ ಬಂದಿಲ್ಲ. ಮರ್ಯಾದೆ ಅಂದರೆ ನನ್ನ ಮಟ್ಟಿಗೆ ಅದು. 1977ರಲ್ಲಿ ಭದ್ರತಾ ಮಂಡಳಿ ಶಸ್ತ್ರಾಸ್ತ್ರ ಮಾರಾಟ ನಿಷೇಧಿಸಿತು. 1980ರ ದಶಕದಲ್ಲಿ ಬ್ಯಾಂಕುಗಳು ಸಾಲ ಕೊಡೋದು ನಿಲ್ಲಿಸಿದವು. 1990ರ ಫೆಬ್ರವರಿ 11ರಂದು ಮಂಡೇಲಾ ಜೈಲಿನಿಂದ ಹೊರಗೆ ಬಂದರು. 1991ರ ನವೆಂಬರ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಅವರ ಕ್ರಿಕೆಟ್ ತಂಡ ಮತ್ತೆ ಕಣಕ್ಕಿಳಿಯಿತು, ನಮ್ಮ ಎದುರೇ.

ಯಾಕೆ ಫಲ ಕೊಟ್ಟಿತು? ನನಗೆ ಮೂರು ವಿಷಯ ಕಾಣುತ್ತವೆ. ಬಹಿಷ್ಕಾರ ಹಾಕಿ ಅಂತ ಕೇಳಿದ್ದು ಅಲ್ಲಿ ನೋವುಂಡ ಕಪ್ಪು ಜನರೇ, ತಮಗೂ ಕಷ್ಟ ಆಗುತ್ತದೆ ಅಂತ ಗೊತ್ತಿದ್ದೇ ಕೇಳಿದರು. ಎಲ್ಲಾ ಖಂಡದವರೂ, ತಡವಾಗಿಯಾದರೂ, ಸೇರಿದರು. ಇನ್ನೊಂದು, ಇದೇ ದೊಡ್ಡದು, ವಾಪಸ್ ಬರುವ ದಾರಿ ಎಲ್ಲರಿಗೂ ಗೊತ್ತಿತ್ತು: ವರ್ಣಭೇದ ನಿಲ್ಲಿಸಿ, ಎಲ್ಲರಿಗೂ ಮತ ಕೊಡಿ. ಹಳ್ಳಿಯ ಕಟ್ಟೆಯಲ್ಲೂ ತಪ್ಪುಕಾಣಿಕೆ ಎಷ್ಟು ಅಂತ ಹೇಳದೆ ಬಹಿಷ್ಕಾರ ಹಾಕುತ್ತಿರಲಿಲ್ಲ.

ದಾರಿ ಹೇಳದೆ ಹಾಕಿದರೆ ಏನಾಗುತ್ತದೆ ಅಂತ ಇರಾಕ್ ತೋರಿಸಿತು. ಕುವೈತ್ ಮೇಲೆ ದಾಳಿ ಮಾಡಿದ್ದಕ್ಕೆ 1990ರ ಆಗಸ್ಟ್‌ನಲ್ಲಿ ದಿಗ್ಬಂಧನ ಬಂತು. ಕುವೈತ್ ಬಿಟ್ಟ ಮೇಲೂ ಅದು ಹೋಗಲಿಲ್ಲ, ಷರತ್ತುಗಳು ಬದಲಾಗುತ್ತಲೇ ಇದ್ದವು. ಸದ್ದಾಂ ಅರಮನೆ ಕಟ್ಟಿಸುತ್ತಲೇ ಇದ್ದ. ಔಷಧಿ ಇಲ್ಲದೆ ಒದ್ದಾಡಿದ್ದು ಆಸ್ಪತ್ರೆಯಲ್ಲಿದ್ದ ಜನ.

ರಷ್ಯಾದ ವಿಷಯದಲ್ಲಿ ಊರೇ ಎರಡಾಗಿದೆ. 2022ರ ಮಾರ್ಚ್ 2ರಂದು ಮಹಾಸಭೆಯಲ್ಲಿ 141 ದೇಶಗಳು ದಾಳಿಯನ್ನು ಖಂಡಿಸಿ ಕೈಯೆತ್ತಿದವು. 5 ವಿರೋಧಿಸಿದವು, 35 ದೂರ ಉಳಿದವು. ಭಾರತ ಆ 35ರಲ್ಲಿ ಒಂದು. ಯುರೋಪಿನ ಫುಟ್‌ಬಾಲ್‌ನಿಂದ ರಷ್ಯಾ ಹೊರಗೆ, ಮಾನವ ಹಕ್ಕು ಮಂಡಳಿಯಿಂದ ಹೊರಗೆ. 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಪುಟಿನ್ ಮೇಲೆ ಬಂಧನದ ವಾರಂಟ್ ಹೊರಡಿಸಿತು. ಆ ನ್ಯಾಯಾಲಯದ ಸದಸ್ಯ ದೇಶ ಮಂಗೋಲಿಯಾ 2024ರಲ್ಲಿ ಅವರಿಗೆ ಕೆಂಪು ಹಾಸು ಹಾಸಿತು. 2025ರ ಡಿಸೆಂಬರ್‌ನಲ್ಲಿ ಅವರು ದೆಹಲಿಗೆ ಬಂದಾಗ ನಮ್ಮ ಪ್ರಧಾನಿ ತಾವೇ ವಿಮಾನ ನಿಲ್ದಾಣಕ್ಕೆ ಹೋಗಿ ಬರಮಾಡಿಕೊಂಡರು. ನಾವು ಆ ನ್ಯಾಯಾಲಯದ ಸದಸ್ಯರಲ್ಲ.

ಮಾತಾಡಿಸಿದವರಿಗೂ ದಂಡ ಅಂದೆನಲ್ಲ, ಅದೂ ಇದೆ. ರಷ್ಯಾದ ತೈಲ ಕೊಳ್ಳುತ್ತೀರಿ ಅಂತ ಅಮೆರಿಕ 2025ರ ಆಗಸ್ಟ್‌ನಲ್ಲಿ ನಮ್ಮ ಸರಕಿನ ಮೇಲೆ ಶೇ 25ರಷ್ಟು ಹೆಚ್ಚಿನ ಸುಂಕ ಹಾಕಿತು. ಅದೇ ಹೊತ್ತಿನಲ್ಲಿ ಯುರೋಪು ರಷ್ಯಾದ ಗ್ಯಾಸ್ ಕೊಳ್ಳುತ್ತಲೇ ಇತ್ತು. ಇದರ ಬಿಸಿ ತೋಟದವರೆಗೂ ಬರುತ್ತದೆ. ನಮ್ಮ ಕಾಫಿಗೆ ಸೋವಿಯತ್ ಕಾಲದಿಂದ ರಷ್ಯಾ ದೊಡ್ಡ ಗಿರಾಕಿ. ಪೊಟ್ಯಾಷ್ ಗೊಬ್ಬರವನ್ನು ಭಾರತ ಹೆಚ್ಚು ಕಮ್ಮಿ ಪೂರ್ತಿಯಾಗಿ ಹೊರಗಿನಿಂದ ತರಿಸುತ್ತದೆ. ಬೆಲರೂಸ್, ರಷ್ಯಾ ಅದರ ದೊಡ್ಡ ಮೂಲಗಳು. ಬೆಲರೂಸಿನ ಪೊಟ್ಯಾಷ್ ರೈಲನ್ನು 2022ರ ಆರಂಭದಲ್ಲಿ ಲಿಥುವೇನಿಯಾ ತಡೆಯಿತು. ಆ ವರ್ಷ ಗೊಬ್ಬರದ ಚೀಲದ ಬೆಲೆ ಕೇಳಿ ಬಾಯಿ ಬಿಟ್ಟ ಬೆಳೆಗಾರರಿಗೆ ಲಿಥುವೇನಿಯಾ ಎಲ್ಲಿದೆ ಅಂತ ಗೊತ್ತಾಗಿರಲಿಕ್ಕಿಲ್ಲ. ಆದರೂ ದಂಡದಲ್ಲಿ ಅವರದೂ ಒಂದು ಪಾಲಿತ್ತು.

ನಮ್ಮನ್ನೂ ಒಮ್ಮೆ ಹೊರಗೆ ನಿಲ್ಲಿಸಿದ್ದರು ಅನ್ನೋದನ್ನ ಮರೆಯಬಾರದು. 1974ರ ಪೋಖ್ರಾನ್ ಸ್ಫೋಟದ ನಂತರ ಅಣುಸಾಮಗ್ರಿ ಮಾರುವ ದೇಶಗಳು ಕೂಟ ಕಟ್ಟಿಕೊಂಡು ನಮಗೆ ಬಾಗಿಲು ಹಾಕಿದವು. 1998ರ ಮೇ ತಿಂಗಳ ಪರೀಕ್ಷೆಗಳ ನಂತರ ಅಮೆರಿಕ, ಜಪಾನ್ ದಿಗ್ಬಂಧನ ಹೇರಿದವು. 2008ರ ಸೆಪ್ಟೆಂಬರ್‌ನಲ್ಲಿ ಆ ಕೂಟ ಭಾರತಕ್ಕೆ ವಿನಾಯಿತಿ ಕೊಟ್ಟಿತು. ನಾವು ಅಣುಬಾಂಬನ್ನು ಕೈಬಿಟ್ಟಿರಲಿಲ್ಲ. ಅವರಿಗೆ ನಮ್ಮ ಮಾರುಕಟ್ಟೆ ಬೇಕಿತ್ತು, ಚೀನಾಕ್ಕೆ ಎದುರಾಗಿ ಒಬ್ಬ ಗೆಳೆಯ ಬೇಕಿತ್ತು.

ಸಿರಿಯಾ ನೋಡಿ, ಇನ್ನೂ ಜೋರು. ಅಲ್ಲಿನ ಬಂಡುಕೋರರ ನಾಯಕ ಅಹ್ಮದ್ ಅಲ್ ಶರಾ ತಲೆಗೆ ಅಮೆರಿಕ 1 ಕೋಟಿ ಡಾಲರ್ ಬಹುಮಾನ ಇಟ್ಟಿತ್ತು. 2024ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಅಸ್ಸಾದ್ ಓಡಿಹೋದರು, ಶರಾ ಡಮಾಸ್ಕಸ್ ಹಿಡಿದರು. ಮುಂದಿನ ಸೆಪ್ಟೆಂಬರ್‌ನಲ್ಲಿ ಅವರು ವಿಶ್ವಸಂಸ್ಥೆಯ ವೇದಿಕೆಯಲ್ಲಿ ಮಾತಾಡಿದರು, ನವೆಂಬರ್‌ನಲ್ಲಿ ಶ್ವೇತಭವನದಲ್ಲಿದ್ದರು.

ಇಲ್ಲಿಗೆ ಅರಸೀಕೆರೆ ಕಡೆಯ ಆ ಮನೆ ಮತ್ತೆ ನೆನಪಾಗುತ್ತದೆ. ಎರಡು ವರ್ಷ ಅವರು ಹಾಗೇ ಇದ್ದರು. ಮೂರನೇ ಬೇಸಿಗೆಯಲ್ಲಿ ಭಾರೀ ಬರ. ಕೆರೆ ಬತ್ತಿತು, ಊರ ಬಾವಿ ಕೆಸರಾಯಿತು. ಆ ಮನೆಯ ತೋಟದ ಬಾವಿಯಲ್ಲಿ ಮಾತ್ರ ನೀರಿತ್ತು. ಯಾರೂ ಸಭೆ ಸೇರಲಿಲ್ಲ, ಯಾರೂ ದಂಡ ವಸೂಲಿ ಮಾಡಲಿಲ್ಲ, ಯಾರೂ ತಪ್ಪಾಯಿತು ಅನ್ನಲಿಲ್ಲ. ಒಂದು ಬೆಳಗ್ಗೆ ನ್ಯಾಯ ಹೇಳಿದವರ ಮನೆಯ ಕೊಡವೇ ಮೊದಲು ಆ ಬಾವಿ ಹತ್ತಿರ ಹೋಯಿತು. ಆ ವರ್ಷದ ಹಬ್ಬಕ್ಕೆ ಅವರಿಂದಲೂ ವರಾಡ ತೆಗೆದುಕೊಂಡರು. ಯಜಮಾನರಿಗೆ ವೀಳ್ಯ ಕೊಟ್ಟರು.

ತಾಲಿಬಾನ್ ವಿಷಯವನ್ನು ನಾನು ಈ ಬಾವಿಯ ಹತ್ತಿರ ನಿಂತೇ ನೋಡುತ್ತೇನೆ. 2021ರ ಆಗಸ್ಟ್ 15ರಂದು ಅವರು ಕಾಬೂಲ್ ಹಿಡಿದಾಗ ಒಂದು ದೇಶವೂ ಮಾನ್ಯತೆ ಕೊಡಲಿಲ್ಲ. ದಾರಿ ಹೇಳಲಾಗಿತ್ತು, ಸ್ಪಷ್ಟವಾಗಿಯೇ: ಹೆಣ್ಣುಮಕ್ಕಳನ್ನು ಶಾಲೆಗೆ ಬಿಡಿ, ಎಲ್ಲರನ್ನೂ ಸೇರಿಸಿ ಸರ್ಕಾರ ಮಾಡಿ. ಅವರು ಎರಡನ್ನೂ ಮಾಡಲಿಲ್ಲ. ಆರನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆ ಮುಚ್ಚಿದೆ. 2022ರ ಡಿಸೆಂಬರ್‌ನಲ್ಲಿ ಯೂನಿವರ್ಸಿಟಿಯನ್ನೂ ಮುಚ್ಚಿದರು. 2025ರ ಜುಲೈನಲ್ಲಿ ರಷ್ಯಾ ಮಾನ್ಯತೆ ಕೊಟ್ಟ ಮೊದಲ ದೇಶವಾಯಿತು. ಅಕ್ಟೋಬರ್‌ನಲ್ಲಿ ಅವರ ವಿದೇಶಾಂಗ ಮಂತ್ರಿ ಅಮೀರ್ ಖಾನ್ ಮುತ್ತಕಿ ದೆಹಲಿಗೆ ಬಂದರು. ವಿಶ್ವಸಂಸ್ಥೆಯ ಪ್ರಯಾಣ ನಿಷೇಧ ಅವರ ಮೇಲಿತ್ತು, ಅದಕ್ಕೆ ವಿನಾಯಿತಿ ಪಡೆದೇ ಬರಬೇಕಾಯಿತು. ಭಾರತ ಇನ್ನೂ ಆ ಸರ್ಕಾರವನ್ನು ಮಾನ್ಯ ಮಾಡಿಲ್ಲ, ಹಾಗಾಗಿ ಯಾವ ಬಾವುಟ ಇಡೋದು ಅನ್ನೋದೇ ಪ್ರಶ್ನೆ. ಅಫ್ಘನ್ ರಾಯಭಾರ ಕಚೇರಿಯಲ್ಲಿ ಪತ್ರಕರ್ತರ ಮುಂದೆ ಕೂತಾಗ ತಾಲಿಬಾನಿನವರು ತಮ್ಮ ಪುಟ್ಟ ಬಾವುಟವೊಂದನ್ನು ಮೇಜಿನ ಮೇಲೆ ಇಟ್ಟುಕೊಂಡರು. ಒಂದು ಗೇಣು ಬಟ್ಟೆ. ಅಷ್ಟರಲ್ಲೇ ಒಂದು ದೇಶದ ಗುರುತಿನ ಜಗಳ ಪೂರ್ತಿ ಇತ್ತು. ಅದೇ ತಿಂಗಳು ಕಾಬೂಲಿನ ನಮ್ಮ ತಾಂತ್ರಿಕ ಕಚೇರಿ ಮತ್ತೆ ರಾಯಭಾರ ಕಚೇರಿ ಆಯಿತು. ಪಾಕಿಸ್ತಾನದ ಆಚೆ ಬದಿಯಲ್ಲಿ ಒಬ್ಬ ಗೆಳೆಯ ಬೇಕು ಅನ್ನುವ ಲೆಕ್ಕ ನನಗೆ ಅರ್ಥವಾಗುತ್ತದೆ. ಕಾಬೂಲಿನ ಆಸ್ಪತ್ರೆಗಳಿಗೆ ಔಷಧಿ, ಗೋಧಿ ಹೋಗಬೇಕು ಅಂದರೆ ಅಲ್ಲಿ ಯಾರಾದರೂ ಇರಲೇಬೇಕು, ಅದನ್ನೂ ಒಪ್ಪುತ್ತೇನೆ.

ಆದರೆ ಅಕ್ಟೋಬರ್ 10ರ ಆ ಪತ್ರಿಕಾಗೋಷ್ಠಿಗೆ ಮಹಿಳಾ ಪತ್ರಕರ್ತರನ್ನು ಬಿಡಲಿಲ್ಲ. ದೆಹಲಿಯಲ್ಲಿ, ನಮ್ಮ ನೆಲದಲ್ಲಿ. ರಾಯಭಾರ ಕಚೇರಿಯ ಒಳಗೆ ಅವರ ಒಪ್ಪಿಗೆ ಇಲ್ಲದೆ ನಮ್ಮ ಅಧಿಕಾರಿಗಳು ಕಾಲಿಡುವ ಹಾಗಿಲ್ಲ ಅನ್ನೋದು ವಿಯೆನ್ನಾ ಒಪ್ಪಂದದ ನಿಯಮ. ಪತ್ರಕರ್ತೆಯರು ಸುಮ್ಮನಿರಲಿಲ್ಲ, ಗಲಾಟೆ ಎಬ್ಬಿಸಿದರು. ಎರಡೇ ದಿನಕ್ಕೆ, 12ರಂದು, ಮುತ್ತಕಿ ಮತ್ತೊಂದು ಗೋಷ್ಠಿ ಕರೆಯಬೇಕಾಯಿತು. ಆ ದಿನ ಮಹಿಳೆಯರು ಮುಂದಿನ ಸಾಲಿನಲ್ಲಿ ಕೂತು, ಹುಡುಗಿಯರ ಶಾಲೆ ಯಾವಾಗ ತೆರೆಯುತ್ತೀರಿ ಅಂತ ಮುಖಕ್ಕೇ ಕೇಳಿದರು. ವಿದೇಶಾಂಗ ನೀತಿಯ ದೊಡ್ಡ ದೊಡ್ಡ ಮಾತುಗಳಿಗಿಂತ ಆ ಮುಂದಿನ ಸಾಲು ನನಗೆ ಹೆಚ್ಚು ಅನ್ನಿಸಿತು. ಒಂದು ಸರ್ಕಾರವನ್ನು ಕರೆದು ಕೂರಿಸುವಾಗ ಅದು ಯಾರನ್ನು ಹೊರಗೆ ನಿಲ್ಲಿಸಿ ಬಂದಿದೆ ಅಂತ ಕೇಳುವ ಹಕ್ಕು ಕರೆದವರಿಗೆ ಇರುತ್ತದೆ. ಕೇಳಿದರೆ ಎರಡು ದಿನದಲ್ಲಿ ಬಾಗಿಲು ತೆರೆಯುತ್ತದೆ ಅಂತ ಅವರು ತೋರಿಸಿಕೊಟ್ಟರು.

ನಮ್ಮ ಅಜ್ಜಿಯ ಊರಿನಲ್ಲಿ ಹಾಗೆ ಕೇಳುವವರು ಇರಲಿಲ್ಲ. ಬರ ಕಳೆದ ಮೇಲೆ ಆ ಮನೆಗೂ ಊರಿಗೂ ಎಲ್ಲಾ ಸರಿಹೋಯಿತು ಅಂತಲೇ ಎಲ್ಲರೂ ಅಂದುಕೊಂಡರು. ಯಜಮಾನರು ಕಟ್ಟೆ ಮೇಲೆ ಕೂರುತ್ತಿದ್ದರು, ಡೈರಿ ಸಾಲಿನಲ್ಲಿ ಜಾಗ ಖಾಲಿ ಬಿಡುತ್ತಿರಲಿಲ್ಲ. ಆ ಬೇಸಿಗೆ ನಾನೂ ಅಜ್ಜಿಯ ಜೊತೆ ನೀರಿಗೆ ಹೋಗಿದ್ದೆ. ಬಾವಿ ಕಟ್ಟೆಯ ಮೇಲೆ ಹೆಂಗಸರು ಸರದಿ ಪ್ರಕಾರ ಹಗ್ಗ ಎಳೆಯುತ್ತಿದ್ದರು. ಆ ಮನೆಯ ಸೊಸೆ, ಯಾರ ಕಾರಣಕ್ಕೆ ಇದೆಲ್ಲ ಶುರುವಾಯಿತೋ ಆ ಹುಡುಗಿ, ನಾಲ್ಕು ಮಾರು ದೂರದಲ್ಲಿ ಹುಣಸೆ ಮರದ ಕೆಳಗೆ ಕೊಡ ಇಟ್ಟುಕೊಂಡು ನಿಂತಿದ್ದಳು. ಬಾವಿ ಅವಳ ಮನೆಯದೇ. ಎಲ್ಲರೂ ತುಂಬಿಕೊಂಡು ಹೋದ ಮೇಲೆ ಅವಳು ಹಗ್ಗ ಮುಟ್ಟುತ್ತಿದ್ದಳು.